ಉಪ್ಪಿನಕಾಯಿ ಭರಣಿಯ ಫೋರೆನ್ಸಿಕ್ ತನಿಖೆ

"ಪೊಲೀಸರ ಕೈಲೆ ಆಗಲಾರದ್ದು ನನ್ನ ಕೈಲೆ ಆಗ್ತದ!" ಬೆಳಗಿನ ಚಹಾ ಮುಗಿಯುವ ಮೊದಲೇ ರಘೋತ್ತಮರಾಯರು ಶಪಥ ಮಾಡಿಬಿಟ್ಟರು.

ರಾಯರು ರಾಣೇಬೆನ್ನೂರಿನ ಕೋರ್ಟಿನಲ್ಲಿ ಕಾರಕೂನರು. ಎಂಬತ್ತೆಂಟರ ಆ ಬೇಸಿಗೆಯಲ್ಲಿ ಅವರ ಮನೆಯೊಳಗೇ ಘೋರ ಅಪರಾಧ ನಡೆದಿತ್ತು. ಮಡಿಯುಟ್ಟವರಷ್ಟೇ ಮುಟ್ಟಬೇಕಾದ ಹೊಸ ಉಪ್ಪಿನಕಾಯಿ ಭರಣಿಯ ಬಾಯಿಬಟ್ಟೆಯನ್ನು ಯಾರೋ ಬಿಚ್ಚಿ, ಬೇರೆಯೇ ಗಂಟು ಹಾಕಿದ್ದರು! ತಾಯಿ ಗೋದೂಬಾಯಿಯವರ ಕಣ್ಣು ನೆಟ್ಟಗೆ ಸೊಸೆಯ ಮೇಲೆ ಬಿತ್ತು.

"ಮೈಲಿಗಿ ಕೈಲೆ ಮುಟ್ಟಿದವರು ಯಾರಂತ ತಿಳಿಯೂತನಕ ಜಾನಕಿ ಹಾವೇರಿಗೆ ಹೋಗೂ ಹಂಗಿಲ್ಲ."

ಜಾನಕೀಬಾಯಿಯ ಮುಖ ಬಾಡಿತು. ಮರುದಿನವೇ ತವರಿನಲ್ಲಿ ಬಸುರಿ ತಂಗಿಯ ಕುಬುಸ. ಹನ್ನೊಂದರ ಬಸ್ಸು ಹಿಡಿಯಲೇಬೇಕು.

"ಅಂಜಬ್ಯಾಡ, ಫೋರೆನ್ಸಿಕ್ ಮಾಡ್ತೇನಿ."

"ಅಯ್ಯ, ಅದು ಹೆಣಾ ಕೊಯ್ಯೂದಲ್ರೀ?"

"ಹುಚ್ಚೀ, ಎಲ್ಲಾರೂ ಹಂಗ ತಿಳ್ಕೊಂಡಾರ! ಡಿಕ್ಷನರಿ ನೋಡೇನಿ. ಫೋರೆನ್ಸಿಕ್ ಅಂದ್ರ ಕೋರ್ಟಿಗೆ ಸಂಬಂಧಪಟ್ಟದ್ದು. ಹೆಣಾ ಇರಲಿ, ಬೆರಳಚ್ಚಿರಲಿ, ಕೋರ್ಟಿನ ಮುಂದ ನಿಲ್ಲಬೇಕು, ಅಷ್ಟ."

"ಇಲ್ಲಿ ಕೋರ್ಟ್ ಎಲ್ಲದರೀ?"

ರಾಯರು ಕಣ್ಸನ್ನೆಯಲ್ಲೇ ತಾಯಿಯನ್ನು ತೋರಿಸಿದರು.

ಅಡಿಗೆಮನೆಯ ಮೂಲೆಯಲ್ಲಿ ಕತ್ತಲೆಂದು ಭರಣಿಯನ್ನು ಕೂಸಿನಂತೆ ಅಪ್ಪಿಕೊಂಡು ಕಿಟಕಿಯ ಬಳಿ ತಂದರು. ಗಡ್ಡದ ಬ್ರಷ್ಷಿನಿಂದ ಮುಖದ ಪೌಡರು ಬಳಿದು, ಉಫ್ ಎಂದು ಊದಿದರು. ಆಹಾ! ಜಿಡ್ಡಿನ ಮೇಲೆ ಹತ್ತೂ ಬೆರಳು ಹೂವಿನಂತೆ ಅರಳಿ ನಿಂತವು! ಮೂವರ ಹೆಬ್ಬೆಟ್ಟನ್ನೂ ಮಸಿಯಲ್ಲಿ ಒತ್ತಿಸಿ ಭೂತಗನ್ನಡಿ ಹಿಡಿದರು. ತಾಯಿಯದಲ್ಲ. ಹೆಂಡತಿಯದೂ ಅಲ್ಲ. ಉಳಿದದ್ದೊಂದೇ ಹೆಬ್ಬೆಟ್ಟು. ರಾಯರು ಮಸಿ ಹತ್ತಿದ ತಮ್ಮ ಬೆರಳನ್ನೇ ನೋಡಿಕೊಂಡರು.

"ರಘೂ, ಜಳಕಾ ಮಾಡೀಯೇನು?"

"ಇಲ್ಲವ್ವಾ..."

"ಆ ಬ್ರಷ್ಷು?"

"ಗಡ್ಡದ್ದು..."

"ನಿನ್ನೆ ಯಾರು ಮುಟ್ಟಿದ್ರೋ ದೇವರ ಬಲ್ಲ. ಇವತ್ತಂತೂ ಪುರಾವೆ ಸಮೇತ ನೀ ಸಿಕ್ಕಿ! ನೂರು ಮಾವಿನಕಾಯಿ ತಂದು ನೀನ ಹೆಚ್ಚು, ಬ್ಯಾಡಗಿ ಮೆಣಸಿನಕಾಯಿ ನೀನ ಕುಟ್ಟು. ಜಾನಕೀ, ನೀ ಹಾವೇರಿಗೆ ಹೊಂಡವಾ." ಮಸಿ ಹತ್ತಿದ ಹೆಬ್ಬೆರಳನ್ನು ದೂರ ಹಿಡಿದುಕೊಂಡು ಗೋದೂಬಾಯಿ ಬಚ್ಚಲಿಗೆ ನಡೆದರು.

"ಹೆಂಗ ಪಾರು ಮಾಡಿದೆ ನಿನ್ನ!" ಎಂದರು ರಾಯರು, ಸೋತ ದನಿಯಲ್ಲೂ ಗತ್ತು ಬಿಡದೆ.

ಜಾನಕೀಬಾಯಿ ಸೆರಗಿನ ಮರೆಯಿಂದ ಸಣ್ಣ ಡಬ್ಬಿಯೊಂದನ್ನು ತೆಗೆದರು. ಉಪ್ಪಿನಕಾಯಿ ಘಮ್ಮೆಂದಿತು.

"ಬಸುರಿ ತಂಗಿ ಬಯಸಿ ಪತ್ರಾ ಬರದಿದ್ಲ್ರೀ. ಗಂಟು ಬಿಚ್ಚಿದಾಕಿ ನಾನ, ಭರಣಿ ಒರಸಿಟ್ಟಾಕಿನೂ ನಾನ."

"ಆಂ! ನಡೀ, ಅವ್ವನ ಮುಂದ ಹೇಳು!"

"ಹೆಂಗ ಹೇಳ್ಲಿ? ಕೋರ್ಟು ಎದ್ದು ಜಳಕಕ್ಕ ಹೋಗೇದ. ನಾ ಬರ್ತೇನ್ರೀ, ಬಸ್ಸಿನ ಹೊತ್ತಾತು."