ಇಂಟರ್ನೆಟ್ ಪಾಠಕ್ಕೆ ಹೊಲಿಗೆ ಬಿದ್ದದ್ದು

ಹೊರಗೆ ನೂರು ಜನ 'ಸರ್' ಅಂದರೂ ಮನೆಯಲ್ಲಿ ನನ್ನ ಮಾತಿಗೆ ಕಿಲುಬು ಕಾಸಿನ ಬೆಲೆಯಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ನಿರ್ವಹಣಾ ಶಾಸ್ತ್ರದ ಅಧ್ಯಾಪಕ. ಕ್ಲಾಸುಗಳೆಲ್ಲ ಇಂಟರ್ನೆಟ್ಟಿಗೆ ಬಂದ ಮೇಲೆ ಊಟದ ಮೇಜೇ ನನ್ನ ಸಿಂಹಾಸನ. ಕೊರಳಿಗೆ ಟೈ, ಕಾಲಿಗೆ ಚಪ್ಪಲಿ, ಕೈಗೆಟುಕುವ ಕಾಫಿ. ಪರಮಸುಖ! (ಪಕ್ಕದ ಕೋಣೆಯಲ್ಲಿ ನನ್ನವಳ ಹೊಲಿಗೆ ಮೆಷಿನ್ ಒಂದಿಲ್ಲದಿದ್ದರೆ.)

"ಇವತ್ತೊಂದಿನ ನಿಲ್ಸೇ. ವಿಭಾಗದ ಮುಖ್ಯಸ್ಥರು ಇಂಟರ್ನೆಟ್ಟಲ್ಲೇ ಕ್ಲಾಸ್ ನೋಡೋಕೆ ಬರ್ತಾರೆ. ಹುಡುಗರು ಈ ಪಾಠ ಒಪ್ಪದಿದ್ರೆ ನಾನು ಯೂನಿವರ್ಸಿಟಿಗೆ ಮತ್ತೆ ಎರಡು ಬಸ್ಸು ಹತ್ತಬೇಕು!"

"ಹತ್ತಿ. ಮೇಜಾದ್ರೂ ಖಾಲಿಯಾಗುತ್ತೆ," ಎಂದವಳೇ, ಅರ್ಧ ಹೊಲಿದ ಕಿಟಕಿ ಪರದೆಯನ್ನು ಮೆಷಿನ್ನಿನಲ್ಲೇ ಬಿಟ್ಟು ಪಕ್ಕದ ಮನೆಗೆ ಹೋದಳು.

ಮನೆ ನಿಶ್ಶಬ್ದ. 'ಸರತಿ ಸಾಲಿನ ಸಿದ್ಧಾಂತ'ವನ್ನು ಗಂಭೀರವಾಗಿ ಆರಂಭಿಸಿದೆ. ಲ್ಯಾಪ್‌ಟಾಪಿನ ಮುಖಗಳು ಒಂದೊಂದಾಗಿ ಬಾಡಿದವು. ಒಬ್ಬನ ಹಣೆ ಕ್ಯಾಮೆರಾಕ್ಕೇ ತಾಗಿತು. ಮುಖ್ಯಸ್ಥರೂ ಆಕಳಿಸಿದರು.

"ಯಾಕ್ರಪ್ಪಾ, ಅರ್ಥವಾಗ್ತಿಲ್ವಾ?"

ಮುಂದಿನ ಸಾಲಿನ ಹುಡುಗಿ (ಇಂಟರ್ನೆಟ್ಟಿನಲ್ಲೂ ಅವಳು ಮುಂದೆಯೇ) ಹೇಳಿದಳು: "ಅರ್ಥ ಆಗುತ್ತೆ ಸರ್. ಆದ್ರೆ ದಿನಾ ಟರ್‌ರ್ ಅಂತ ಶಬ್ದ ಬರ್ತಿತ್ತಲ್ಲ, ಅದು ನಮ್ಮನ್ನ ಎಬ್ಬಿಸ್ತಿತ್ತು. ಇವತ್ತು ಬರೀ ನೀವೇ..."

ಎರಡು ಬಸ್ಸುಗಳು ಕಣ್ಣಮುಂದೆ ಹಾದುಹೋದವು. ಮಾನ ಮರ್ಯಾದೆ ಬದಿಗಿಟ್ಟು ಲ್ಯಾಪ್‌ಟಾಪನ್ನು ಹೊತ್ತೊಯ್ದು ಮೆಷಿನ್ನಿನ ಹಲಗೆಯ ಮೇಲಿಟ್ಟೆ. ಬಾಯಲ್ಲಿ ಸಿದ್ಧಾಂತ, ಕಾಲಲ್ಲಿ ಟರ್‌ರ್! ಮುಖಗಳು ಅರಳಿದವು. ಉತ್ಸಾಹ ತಡೆಯದೆ ಮುಂದೆ ಬಾಗಿ ಬಾಗಿ ಪಾಠ ಮಾಡಿದೆ.

"ಇಂಟರ್ನೆಟ್ ಪಾಠ ಯಾರಿಗೆ ಒಪ್ಪಿಗೆ?" ಮುಖ್ಯಸ್ಥರು ಕೇಳಿದರು. ಎಲ್ಲ ಕೈಗಳೂ ಮೇಲೆ! ಎದ್ದುನಿಂತು ಕೈಮುಗಿಯೋಣವೆಂದರೆ ಕುತ್ತಿಗೆ ಮೇಲೇಳಲಿಲ್ಲ. ನನ್ನ ಟೈ ಕಿಟಕಿ ಪರದೆಗೆ ಸೇರಿ ಅಚ್ಚುಕಟ್ಟಾಗಿ ಹೊಲಿದುಹೋಗಿತ್ತು. ಇಡೀ ತರಗತಿಗೆ ನನ್ನ ಬೋಳು ನೆತ್ತಿಯ ದರ್ಶನ.

ಅಷ್ಟರಲ್ಲಿ ನನ್ನವಳು ಬಂದಳು. "ಅಯ್ಯಯ್ಯೋ, ಗಿರಾಕಿಯ ಪರದೆ!"

"ನನ್ ಕುತ್ತಿಗೆ ನೋಡೇ!"

"ಅದು ಆಮೇಲೆ." ಕತ್ತರಿ ತೆಗೆದು ಒಂದೇ ಏಟಿಗೆ ಟೈ ಕತ್ತರಿಸಿ, ಪರದೆಯನ್ನು ಎದೆಗವಚಿಕೊಂಡಳು.

"ತೀರ್ಮಾನ ತಗೊಳ್ಳೋದು ಅಂದ್ರೆ ಹೀಗೆ!" ಮುಖ್ಯಸ್ಥರು ಮೇಜು ತಟ್ಟಿದರು. "ಪಾಠ ಮನೆಯಿಂದಲೇ ನಡೀಲಿ. ಆದ್ರೆ ಮೆಷಿನ್ ಮಾತ್ರ ಮೇಡಮ್ಮೇ ತುಳೀಲಿ."

ನಾನು ಅರ್ಧ ಟೈಯಲ್ಲೇ ಧನ್ಯನಾಗಿ ನಕ್ಕೆ. ನನ್ನವಳು ನನ್ನನ್ನು ಪಕ್ಕಕ್ಕೆ ಸರಿಸಿ ಹುಡುಗರನ್ನೇ ಕೇಳಿದಳು:

"ನಾಳೆ ಕ್ಲಾಸ್ ಎಷ್ಟೊತ್ತಿಗ್ರಪ್ಪಾ? ದಪ್ಪ ಬಟ್ಟೆಗೆ ಶಬ್ದ ಜಾಸ್ತಿ, ಅದನ್ನೆಲ್ಲಾ ಆ ಹೊತ್ತಿಗೇ ಹೊಲೀತೀನಿ."