ಅರ್ಧ ಸೆಕೆಂಡಿನ ಮೀಸೆ

ಅತ್ತೆಯ ಕೋಣೆಯ ಮೂಲೆಯಲ್ಲಿದ್ದ ಹಸಿರು ಕಬ್ಬಿಣದ ಬೀರುವಿಗೆ ಒಳಗೆ ಹೋಗುವ ದಾರಿ ಮಾತ್ರ ಇತ್ತು. ಒಳಗೆ ಹೋದ ವಸ್ತು ಹೊರಗೆ ಬಂದ ದಾಖಲೆ ಆ ಮನೆಯ ಇತಿಹಾಸದಲ್ಲೇ ಇಲ್ಲ. ಅತ್ತೆ ಶಾಲೆಯ ಮುಖ್ಯೋಪಾಧ್ಯಾಯಿನಿ. ಮೂವತ್ತನಾಲ್ಕು ವರ್ಷ ಮಕ್ಕಳ ಕೈಯಿಂದ ಕಸಿದುಕೊಂಡ ಗೋಲಿ, ಬುಗುರಿ, ಪೀಪಿ, ರಬ್ಬರ್ ಹಲ್ಲಿ ಎಲ್ಲವೂ ಅದರೊಳಗೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವು. ಅವುಗಳ ಜೊತೆಗೆ ಮಾವನ ಒಂದು ಇಸ್ಪೀಟು ಕಟ್ಟೂ ಇತ್ತು. (ಮದುವೆಯಾದ ಎರಡನೆಯ ವಾರ ಒಳಗೆ ಹೋದದ್ದು. ಮಾವ ಇವತ್ತಿಗೂ ಬೀರುವಿನ ಮುಂದೆ ಹಾದು ಹೋಗುವಾಗ ಒಂದು ಕ್ಷಣ ನಿಂತು ಹೋಗುತ್ತಾರೆ.)

ಆ ಬೀರುವಿನಲ್ಲಿ ಇನ್ನೊಂದು ವಸ್ತುವಿಗೆ ಜಾಗ ಖಾಲಿ ಇದೆ ಎಂದು ಅತ್ತೆ ಆಗಾಗ ನೆನಪಿಸುತ್ತಿದ್ದರು. ಆ ವಸ್ತು ನಿಧಾನಿಯ ಟ್ಯಾಬ್ಲೆಟ್.

ನಿಧಾನಿ ಅತ್ತೆಯ ತಮ್ಮನ ಮಗ. ಡಿಪ್ಲೊಮಾ ಎರಡನೆಯ ವರ್ಷ ಓದುತ್ತಿದ್ದ. ಕಾಲೇಜು ಹತ್ತಿರ ಎಂದು ಅತ್ತೆಯ ಮನೆಯಲ್ಲೇ ಇದ್ದ. ಹಜಾರದಿಂದ ಅಡುಗೆಮನೆಗೆ ಹೋಗುವಾಗಲೂ ಬಾಗಿಲಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ದಾಟುವ ಹುಡುಗನಾದ್ದರಿಂದ ಈ ಹೆಸರು ಬಂತು. ಮಾತು ಕಡಿಮೆ, ಭಯ ಧಾರಾಳ. ಅವನ ಲೋಕವೆಲ್ಲ ಆ ಟ್ಯಾಬ್ಲೆಟ್ಟಿನ ಪರದೆ ಮತ್ತು ಅದರ ಬಿಳಿ ಪೆನ್ನು. ಅದರಲ್ಲಿ ಚಿತ್ರ ಬರೆಯುವುದೆಂದರೆ ಅವನಿಗೆ ಊಟ ನಿದ್ದೆ ಬೇಡ. ಅತ್ತೆ ಮಾತ್ರ ಅದನ್ನು ‘ಹಲಗೆ’ ಎನ್ನುತ್ತಿದ್ದರು.

“ಮುಂದಿನ ಪರೀಕ್ಷೆಯಲ್ಲಿ ಒಂದೇ ಒಂದು ವಿಷಯ ಹೋಗಲಿ, ಅಥವಾ ಆ ಹಲಗೆಯಿಂದ ಒಂದೇ ಒಂದು ತರಲೆ ಕಿವಿಗೆ ಬೀಳಲಿ, ನೇರ ಬೀರುವಿಗೆ,” ಎಂದು ತೀರ್ಪು ಮೊದಲೇ ಬರೆದಿಟ್ಟಿದ್ದರು. ತಪ್ಪು ನಡೆಯುವುದೊಂದು ಬಾಕಿ ಇತ್ತು.

ಟ್ಯಾಬ್ಲೆಟ್ಟಿನಲ್ಲಿ ನಿಧಾನಿಗೆ ಬಹಳ ಇಷ್ಟವಾದ ಸೌಕರ್ಯವೆಂದರೆ ತಪ್ಪನ್ನು ವಾಪಸ್ ಪಡೆಯುವುದು. ಎರಡು ಬೆರಳಿಂದ ಪರದೆಯನ್ನು ಒಮ್ಮೆ ತಟ್ಟಿದರೆ ಆಗ ತಾನೇ ಎಳೆದ ಗೆರೆ ಮಾಯ. ಇನ್ನೊಮ್ಮೆ ತಟ್ಟಿದರೆ ಅದರ ಹಿಂದಿನದೂ ಮಾಯ. ತಟ್ಟಿ ತಟ್ಟಿ ಅವನಿಗೆ ಅದೇ ಅಭ್ಯಾಸವಾಗಿ ಹೋಗಿತ್ತು. ಊಟದ ಮೇಜಿನ ಮೇಲೆ ನೀರು ಚೆಲ್ಲಿದರೆ ಮೊದಲು ಎರಡು ಬೆರಳಿಂದ ಮೇಜು ತಟ್ಟುತ್ತಿದ್ದ, ಆಮೇಲೆ ಬಟ್ಟೆ ಹುಡುಕುತ್ತಿದ್ದ. ಮೌಖಿಕ ಪರೀಕ್ಷೆಯಲ್ಲಿ ತಪ್ಪು ಉತ್ತರ ಕೊಟ್ಟು ಪರೀಕ್ಷಕರ ಮೇಜನ್ನೂ ತಟ್ಟಿದ್ದನಂತೆ. (ಹುಡುಗನಿಗೆ ಆತ್ಮವಿಶ್ವಾಸ ಜಾಸ್ತಿ ಎಂದುಕೊಂಡು ಅವರು ಪಾಸು ಮಾಡಿದರು.)

ಇಂಥವನ ತಲೆಗೆ ಮಾವ ಒಂದು ಕೆಲಸ ಕಟ್ಟಿದರು. ಮಾವನದು ಕನ್ನಡಕದ ಅಂಗಡಿ. ಊರಿನವರಿಗೆಲ್ಲ ಕಣ್ಣು ಸರಿಮಾಡುವ ಅವರು ಮನೆಯಲ್ಲಿ ಮಾತ್ರ ಎಲ್ಲವನ್ನೂ ಕಂಡೂ ಕಾಣದಂತೆ ಇರುವುದನ್ನು ಕಲಿತಿದ್ದರು.

“ಅಳಿಯ, ಶನಿವಾರ ನಿಮ್ಮತ್ತೆ ನಿವೃತ್ತಿ ಸಮಾರಂಭ. ಶಾಲೆಯ ಸಭಾಂಗಣದಲ್ಲಿ ದೊಡ್ಡ ಪರದೆ ಇದೆ. ನೀನೊಂದು ಚಿತ್ರ ಬರೆದುಕೊಡು, ಅದರ ಮೇಲೆ ತೋರಿಸೋಣ.”

“ಮಾವ, ಚೆನ್ನಾಗಿ ಬರದೇ ಇದ್ರೆ?”

“ಬೀರು ಇದೆಯಲ್ಲ!” ಎಂದು ಮಾವ ನಕ್ಕರು. ನಿಧಾನಿ ನಗಲಿಲ್ಲ.

ಹನ್ನೊಂದು ದಿನ ಕೂತು ಬರೆದ. ದಿನಕ್ಕೆ ಎರಡು ಗಂಟೆ. ಅತ್ತೆ ಕುರ್ಚಿಯಲ್ಲಿ ಕೂತಂತೆ, ಹಿಂದೆ ಕಪ್ಪುಹಲಗೆ, ಕೈಯಲ್ಲಿ ಸೀಮೆಸುಣ್ಣ. ಕೂದಲಿಗೊಂದು ಪದರ, ಕನ್ನಡಕಕ್ಕೊಂದು ಪದರ, ಹುಬ್ಬಿನ ನಡುವಿನ ಗಂಟಿಗೇ ಪ್ರತ್ಯೇಕ ಪದರ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ. ಒಂದರಲ್ಲಿ ತಪ್ಪಾದರೆ ಅದನ್ನಷ್ಟೇ ತೆಗೆದುಹಾಕಬಹುದು, ಉಳಿದವಕ್ಕೆ ಗೊತ್ತೇ ಆಗುವುದಿಲ್ಲ. ಪ್ರತಿದಿನ ಎದ್ದೇಳುವ ಮುಂಚೆ ಮೂರು ಕಡೆ ಉಳಿಸಿಡುತ್ತಿದ್ದ. ‘ಅತ್ತೆ ಕೊನೆಯದು’, ‘ಅತ್ತೆ ನಿಜವಾಗಿ ಕೊನೆಯದು’, ‘ಅತ್ತೆ ದೇವರಾಣೆಗೂ ಕೊನೆಯದು’.

ಅನಾಹುತ ಆದದ್ದು ಆರನೆಯ ದಿನ. ಅವತ್ತು ಒದ್ದೆ ಕಾಲಲ್ಲಿ ಹಜಾರಕ್ಕೆ ಬಂದನೆಂದು ಅತ್ತೆ ಅವನನ್ನು ನಿಲ್ಲಿಸಿಕೊಂಡು, ಒದ್ದೆ ಕಾಲಿನಿಂದ ಶುರುಮಾಡಿ ಅವನ ಭವಿಷ್ಯದವರೆಗೆ ಕಾಲು ಗಂಟೆ ಭಾಷಣ ಮಾಡಿದರು. ನಿಧಾನಿ “ಹೂಂ ಅತ್ತೆ” ಎಂದು ಹದಿನಾಲ್ಕು ಸಲ ಹೇಳಿ ಕೋಣೆಗೆ ಬಂದ. ಅವನಿಗೆ ಜನ್ಮದಲ್ಲಿ ಎದುರು ಮಾತಾಡಿ ಗೊತ್ತಿಲ್ಲ. ಆದರೆ ಕೈಗೆ ಪೆನ್ನು ಬಂದಾಗ ಅದಕ್ಕೆ ಎಲ್ಲಿಂದ ಧೈರ್ಯ ಬಂತೋ, ಹೊಸದೊಂದು ಪದರ ತೆರೆದು ಅತ್ತೆಗೆ ಮೀಸೆ ಬರೆದುಬಿಟ್ಟ. ಸಾಧಾರಣ ಮೀಸೆಯಲ್ಲ, ತುದಿ ಹುರಿಗೊಳಿಸಿದ, ಕೆನ್ನೆ ದಾಟಿದ ಮಹಾ ಮೀಸೆ. ಮೀಸೆ ಬಂದ ಮೇಲೆ ಕೊಂಬಿಲ್ಲದಿದ್ದರೆ ಬೋಳು ಕಾಣುತ್ತದೆಂದು ಎರಡು ಕೊಂಬು. ಕೊಂಬಿಗೆ ಹೊಂದಲಿ ಎಂದು ಕುರ್ಚಿಯ ಕಾಲಿಗೆ ಸುತ್ತಿಕೊಂಡ ಒಂದು ಬಾಲ. ಇಪ್ಪತ್ತು ನಿಮಿಷ ಅವನು ಸ್ವರ್ಗದಲ್ಲಿದ್ದ.

ಆಮೇಲೆ ಹೊರಗೆ ಅತ್ತೆಯ ಚಪ್ಪಲಿ ಸದ್ದಾಯಿತು. ಸ್ವರ್ಗ ಇಳಿಯಿತು, ಬೆವರು ಏರಿತು. ಪದರವನ್ನೇ ಅಳಿಸಿಹಾಕಿದ. ಮೀಸೆ, ಕೊಂಬು, ಬಾಲ ಒಂದೇ ಏಟಿಗೆ ಗುಡಿಸಿದಂತೆ ಹೋದವು. ಎದೆಬಡಿತ ಹದಕ್ಕೆ ಬರಲು ಮಾತ್ರ ಎರಡು ದಿನ ಹಿಡಿಯಿತು.

ಗುರುವಾರ ಸಂಜೆ ಚಿತ್ರ ಮುಗಿಯಿತು. ಮಾವನ ಕೈಗೆ ಟ್ಯಾಬ್ಲೆಟ್ ಕೊಟ್ಟು ನೀರು ಕುಡಿದು ಬರಲು ಹೋದ. ಮಾವನಿಗೆ ಒಂದು ದೌರ್ಬಲ್ಯವಿತ್ತು. ಎಲ್ಲಿ ಬಟನ್ ಕಂಡರೂ ಒತ್ತುವುದು. ನಿಧಾನಿ ಲೋಟ ಕೆಳಗಿಟ್ಟು ಬರುವುದರೊಳಗೆ ಮಾವನ ಮುಖ ಅರಳಿತ್ತು.

“ಅಳಿಯ, ಇದೇನೋ ಅದ್ಭುತ! ನೀನು ಚಿತ್ರ ಬರೆದಿದ್ದನ್ನೆಲ್ಲ ಇದೇ ವಿಡಿಯೋ ಮಾಡಿ ಇಟ್ಟುಕೊಂಡಿದೆ. ಮೊದಲನೇ ಗೆರೆಯಿಂದ ಕೊನೇ ಗೆರೆವರೆಗೂ!”

ಹೌದು. ಆ ತಂತ್ರಾಂಶ ಪ್ರತಿಯೊಂದು ಗೆರೆಯನ್ನೂ ತನ್ನಷ್ಟಕ್ಕೆ ತಾನೇ ದಾಖಲು ಮಾಡಿಕೊಳ್ಳುತ್ತಿತ್ತು. ನಿಧಾನಿಗೆ ಇದು ಗೊತ್ತಿತ್ತು. ಮೊದಲ ದಿನ ಆ ವ್ಯವಸ್ಥೆಯನ್ನು ಜಾಗ್ರತೆಯಿಂದ, ಸೂಚನೆಗಳನ್ನು ಎರಡೆರಡು ಸಲ ಓದಿ, ಚಾಲೂ ಮಾಡಿಟ್ಟವನೇ ಅವನು. ಮರೆತಿದ್ದ ಅಷ್ಟೆ. ಚಿತ್ರದಿಂದ ಅಳಿಸಿದ್ದು ವಿಡಿಯೋದಿಂದ ಅಳಿಸಿಹೋಗುವುದಿಲ್ಲ.

“ಮಾ... ಮಾವ, ಪೂರ್ತಿ ನೋಡಿದ್ರಾ?”

“ಎಲ್ಲಿ ನೋಡ್ಲಿ, ಉದ್ದ ಇದೆ. ಕಂಪ್ಯೂಟರ್ ಟೀಚರಿಗೆ ಕಳಿಸಿಬಿಟ್ಟೆ. ಶನಿವಾರ ಚಿತ್ರದ ಬದಲು ಇದನ್ನೇ ಹಾಕ್ತಾರೆ.”

ನಿಧಾನಿಯ ಎರಡು ಬೆರಳು ಗೋಡೆಯನ್ನು ತಟ್ಟಿದವು. ಗೋಡೆ ಏನನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ.

ಮರುದಿನ ಕಾಲೇಜು ಬಿಟ್ಟು ಶಾಲೆಯ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಬಾ ಎನ್ನುವವರೆಗೂ ನಿಂತೇ ಇದ್ದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ.

“ಮೇಡಂ, ಆ ವಿಡಿಯೋ... ಅದು... ಸ್ವಲ್ಪ...”

“ಹೆದರ್ಬೇಡಪ್ಪ, ಭದ್ರವಾಗಿದೆ! ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ ಮೂರು ಕಡೆ ಉಳಿಸಿಟ್ಟಿದ್ದೀನಿ. ನೀನು ಹಾಗೇ ಮಾಡ್ತೀಯಂತೆ, ನಿಮ್ಮಾವ ಹೇಳಿದ್ರು. ಒಳ್ಳೇ ಅಭ್ಯಾಸ.”

“ಅದಲ್ಲ ಮೇಡಂ... ಸ್ವಲ್ಪ ಕಡಿಮೆ...”

“ಉದ್ದ ಆಯ್ತು ಅಂತ ತಾನೇ? ನಾನೇ ವೇಗ ಹೆಚ್ಚಿಸಿ ಅರ್ಧ ನಿಮಿಷಕ್ಕೆ ಇಳಿಸಿದ್ದೀನಿ. ಕೂತು ನೋಡೋಕೆ ನನಗೂ ಪುರುಸೊತ್ತಾಗಿಲ್ಲ. ಇನ್ನೇನಾದ್ರೂ?”

ಇನ್ನೇನೂ ಇಲ್ಲವೆಂದು ತಲೆಯಾಡಿಸಿ ವಾಪಸ್ ಬಂದ. ನಿಜ ಹೇಳಿದರೆ ಟೀಚರಿಗೆ ಗೊತ್ತಾಗುತ್ತದೆ, ಟೀಚರಿಗೆ ಗೊತ್ತಾದರೆ ಶಾಲೆಗೆ ಗೊತ್ತಾಗುತ್ತದೆ, ಶಾಲೆಗೆ ಗೊತ್ತಾದರೆ ಬೀರು ಬಾಯಿ ತೆರೆಯುತ್ತದೆ. ಮನೆಗೆ ಬಂದು ಲೆಕ್ಕ ಮಾಡಿದ. ಇಪ್ಪತ್ತೆರಡು ಗಂಟೆಯ ಕೆಲಸ ಮೂವತ್ತು ಸೆಕೆಂಡಿಗೆ ಇಳಿದರೆ ಇಪ್ಪತ್ತು ನಿಮಿಷದ ಮೀಸೆ ಎಷ್ಟಕ್ಕೆ ಇಳಿಯುತ್ತದೆ? ಅರ್ಧ ಸೆಕೆಂಡು. ಒಂದು ಕ್ಷಣ ಉಸಿರು ಬಂತು. ಮರುಕ್ಷಣ ಅತ್ತೆ ನೆನಪಾದರು. ಬೋರ್ಡಿನ ಕಡೆಗೆ ತಿರುಗಿಕೊಂಡೇ ಕೊನೆಯ ಬೆಂಚಿನಲ್ಲಿ ಯಾರು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡರೆಂದು ಹೇಳುವ ಕಣ್ಣು ಅದು. ಆ ಕಣ್ಣಿಗೆ ಅರ್ಧ ಸೆಕೆಂಡು ಎಂದರೆ ಅರ್ಧ ದಿನ. ಉಸಿರು ಬಂದ ದಾರಿಯಲ್ಲೇ ಹೋಯಿತು.

ಶನಿವಾರ ಜ್ವರ ಬರಲಿ ಎಂದು ಹಾರೈಸಿಕೊಂಡ. ಬರಲಿಲ್ಲ. ಕರೆಂಟು ಹೋಗಲಿ ಎಂದುಕೊಂಡ. ಹೋಗಲಿಲ್ಲ. ಸಭಾಂಗಣದಲ್ಲಿ ಆರುನೂರು ಮಕ್ಕಳು, ಮುಂದಿನ ಸಾಲಿನಲ್ಲಿ ಅತ್ತೆ, ಅವರ ಪಕ್ಕ ಮಾವ, ಮಾವನ ಪಕ್ಕ ಅವನು. ದೀಪ ಆರಿತು. ಪರದೆಯ ಮೇಲೆ ಅತ್ತೆ ಮೊಳಕೆಯೊಡೆದರು. ಗೆರೆ ಬಂತು, ಮುಖ ಬಂತು, ಕನ್ನಡಕ ಬಂತು. ನಿಧಾನಿ ಮನಸ್ಸಿನಲ್ಲಿ ಎಣಿಸುತ್ತಿದ್ದ. ಹನ್ನೆರಡು, ಹದಿಮೂರು, ಹದಿನಾಲ್ಕು... ಹದಿನೈದಕ್ಕೆ ಏನೋ ಕಪ್ಪಗೆ ಹಾರಿದಂತಾಯಿತು. ಕಣ್ಣು ಮುಚ್ಚಿಕೊಂಡ. ಕಿವಿಯನ್ನು ಮುಚ್ಚಿಕೊಳ್ಳಲಾಗಲಿಲ್ಲ, ಯಾಕೆಂದರೆ ಎರಡೂ ಕೈ ಕುರ್ಚಿಯ ಹಿಡಿಯನ್ನು ತಟ್ಟುವುದರಲ್ಲಿ ಮುಳುಗಿದ್ದವು.

ಗುಡುಗಿನಂಥ ಸದ್ದು. ಮುಗಿಯಿತು ಎಂದುಕೊಂಡು ಕಣ್ಣು ಬಿಟ್ಟರೆ ಅದು ಚಪ್ಪಾಳೆ! ಪರದೆಯ ತುಂಬ ಅತ್ತೆ, ಶುಭ್ರವಾದ ಮೇಲ್ದುಟಿಯೊಂದಿಗೆ. ಕಂಪ್ಯೂಟರ್ ಟೀಚರ್ ದೂರದಿಂದ ಕೈಬೀಸಿದರು. ಮಾವ ಬೆನ್ನು ತಟ್ಟಿದರು. ಆ ಅರ್ಧ ಸೆಕೆಂಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಕತ್ತು ತಿರುಗಿಸಿ ಅವನನ್ನು ನೋಡಿದರು. ಬೈದಿದ್ದರೆ ವಾಸಿಯಿತ್ತು.

ಸಂಜೆ ಮೂವರೂ ಚಹಾಕ್ಕೆ ಕೂತರು. ಮೇಜಿನ ಮೇಲೆ ಹಾರ, ಹೂಗುಚ್ಛ, ಮಕ್ಕಳು ಕೊಟ್ಟ ಪತ್ರಗಳು. ಅತ್ತೆ ಲೋಟ ಕೆಳಗಿಟ್ಟರು.

“ಚಿತ್ರ ಚೆನ್ನಾಗಿದೆ ಕಣೋ. ನಿನ್ನ ಹಲಗೆಯನ್ನ ನಾನು ಸುಮ್ಮನೆ ಬೈತಿದ್ದೆ ಅನ್ನಿಸ್ತು.”

ನಿಧಾನಿ ತನ್ನ ಲೋಟವನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿದ.

“ಆದ್ರೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಸಭೆಯಲ್ಲಿ ಬೇಡ ಅಂತ ಸುಮ್ಮನಿದ್ದೆ. ನೀನೇ ಹೇಳ್ತೀಯೋ, ನಾನು ಹೇಳ್ಲೋ?”

ಮೂವತ್ತನಾಲ್ಕು ವರ್ಷಗಳಲ್ಲಿ ಈ ಒಂದು ಪ್ರಶ್ನೆಗೆ ತಲೆಬಾಗದ ಅಪರಾಧಿ ಆ ಶಾಲೆಯಲ್ಲಿ ಹುಟ್ಟಿರಲಿಲ್ಲ. ಎರಡು ದಿನದಿಂದ ಒಳಗೆ ಕುದಿಯುತ್ತಿದ್ದದ್ದು ಉಕ್ಕಿಬಂತು.

“ಅತ್ತೆ, ತಪ್ಪಾಯ್ತು ಅತ್ತೆ! ಅವತ್ತು ಸಿಟ್ಟು ಬಂದಿತ್ತು. ಮೀಸೆ ಅರ್ಧ ಸೆಕೆಂಡು ಅಷ್ಟೇ ಅತ್ತೆ. ಕೊಂಬು, ಬಾಲ ಎಲ್ಲಾ ಆವತ್ತೇ ಅಳಿಸಿಬಿಟ್ಟೆ!”

ಅತ್ತೆಯ ಹುಬ್ಬಿನ ನಡುವೆ ಗಂಟು ಮೂಡಿತು. (ಪ್ರತ್ಯೇಕ ಪದರದಲ್ಲಿ ಬರೆದಿದ್ದನಲ್ಲ, ಅದೇ ಗಂಟು.)

“ಯಾವ ಮೀಸೆ? ನಾನು ಹೇಳಿದ್ದು ಕೈಗಡಿಯಾರ. ನಾನು ಕಟ್ಟೋದು ಬಲಗೈಗೆ, ನೀನು ಎಡಗೈಗೆ ಬರೆದಿದ್ದೀಯ.”

ನಿಧಾನಿಯ ಎರಡು ಬೆರಳು ಮೇಜನ್ನು ತಟ್ಟಿದವು. ಒಮ್ಮೆ ತಟ್ಟಿದವು, ಹತ್ತು ಸಲ ತಟ್ಟಿದವು. ಆಡಿದ ಮಾತು ಆಡಿದಲ್ಲೇ ನಿಂತಿತ್ತು.

“ಹಲಗೆ ತಗೊಂಡು ಬಾ. ಮತ್ತೆ ಹಾಕು. ನಿಧಾನಕ್ಕೆ ಹಾಕು.”

“ಅದಕ್ಕೂ ಇಲ್ಲೊಂದು ಬಟನ್ ಇದೆ ಕಣೇ,” ಎಂದರು ಮಾವ, ಉತ್ಸಾಹ ತಡೆಯಲಾರದೆ. “ಒಂದೊಂದೇ ಗೆರೆ ನಿಲ್ಲಿಸಿ ನಿಲ್ಲಿಸಿ ನೋಡಬಹುದು!”

ಒಂದೊಂದೇ ಗೆರೆ ನಿಲ್ಲಿಸಿ ನಿಲ್ಲಿಸಿ ನೋಡಿದರು. ಎಡಮೀಸೆ ಹುಟ್ಟಿತು, ಬಲಮೀಸೆ ಹುಟ್ಟಿತು, ತುದಿ ಹುರಿಗೊಂಡಿತು. ಕೊಂಬು ಬಂದಾಗ ಮಾವ ಕೆಮ್ಮುವ ನೆಪದಲ್ಲಿ ಅಡುಗೆಮನೆಗೆ ಓಡಿದರು. ಬಾಲ ಕುರ್ಚಿಯ ಕಾಲಿಗೆ ಎರಡು ಸುತ್ತು ಸುತ್ತಿಕೊಳ್ಳುವವರೆಗೂ ಅತ್ತೆ ರೆಪ್ಪೆ ಬಡಿಯಲಿಲ್ಲ. ಆಮೇಲೆ ಎದ್ದು, ಬೀಗದ ಕೈ ತೆಗೆದುಕೊಂಡು ಕೋಣೆಗೆ ನಡೆದರು. ಟ್ಯಾಬ್ಲೆಟ್ ಹಿಡಿದುಕೊಂಡು ನಿಧಾನಿ ಹಿಂದೆ ಹೋದ. ಅವನ ಕಾಲು ಒಂದು ಕಡೆ, ಮನಸ್ಸು ಒಂದು ಕಡೆ.

ಬೀರು ಕಿರ್ರೆಂದು ತೆರೆಯಿತು. ಅತ್ತೆ ತಳದಲ್ಲಿದ್ದ ಗೋಲಿಗಳನ್ನು ಸರಿಸಿ, ರಬ್ಬರ್ ಹಲ್ಲಿಯನ್ನು ಪಕ್ಕಕ್ಕಿಟ್ಟು, ಹಳದಿಯಾದ ಒಂದು ಕಾಗದ ಹೊರಗೆಳೆದರು. ಆ ಬೀರುವಿನಿಂದ ಒಂದು ವಸ್ತು ಹೊರಗೆ ಬಂದದ್ದು ಅದೇ ಮೊದಲು. ಮಾವ ಬಾಗಿಲಲ್ಲಿ ಇಣುಕಿ, ಸಂದರ್ಭ ನೋಡಿ, ಇಸ್ಪೀಟಿನ ಕಡೆಗೆ ಕೈ ಚಾಚಿದರು.

“ರೀ.”

ಕೈ ಹಿಂದಕ್ಕೆ ಹೋಯಿತು.

ಕಾಗದದಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ. ಹುಬ್ಬಿನ ನಡುವೆ ಅದೇ ಗಂಟು. ಮೂಗಿನ ಕೆಳಗೆ, ಕೆನ್ನೆ ದಾಟಿದ, ತುದಿ ಹುರಿಗೊಳಿಸಿದ ಮಹಾ ಮೀಸೆ.

“ನಿಮ್ಮಪ್ಪ ಬರೆದಿದ್ದು. ಆಗ ಅವನಿಗೆ ಹತ್ತು ವರ್ಷ. ನಾನು ಮಗ್ಗಿ ಹೇಳಿಕೊಡ್ತಿದ್ದೆ,” ಎಂದರು ಅತ್ತೆ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಹಿಡಿದು, ಉತ್ತರಪತ್ರಿಕೆ ತಿದ್ದುವವರಂತೆ ನೋಡಿದರು. ನಿಧಾನಿಗೆ ಒಂದು ಚೂರು ಆಸೆ ಚಿಗುರಿತು. ನಗುತ್ತಾರೇನೋ, ಕ್ಷಮಿಸುತ್ತಾರೇನೋ.

“ಅವನ ಮೀಸೆ ಎರಡೂ ಕಡೆ ಸಮ ಇದೆ. ನಿಂದು ಎಡಗಡೆ ಉದ್ದ. ಹನ್ನೊಂದು ದಿನ ಕೂತು ಬರೆದವನು ಇಷ್ಟು ಅಜಾಗರೂಕತೆ ಮಾಡಬಾರದು.”

ಟ್ಯಾಬ್ಲೆಟ್ ಗೋಲಿಗಳ ಪಕ್ಕದಲ್ಲಿ ಮಲಗಿತು. ಬೀಗ ಬಿತ್ತು. ನಿಧಾನಿಯ ಕೈಗೆ ಒಂದು ಪೆನ್ಸಿಲ್ಲು, ಒಂದು ಗೆರೆಯಿಲ್ಲದ ಪುಸ್ತಕ ಬಂತು. ರಬ್ಬರ್ ಬರಲಿಲ್ಲ.

“ನೂರು ಮೀಸೆ ಬರಿ. ಎರಡೂ ಕಡೆ ಸಮ ಇರಬೇಕು. ನೂರೂ ಸರಿಯಾದ ದಿನ ಹಲಗೆ ವಾಪಸ್. ಒಂದು ಸೊಟ್ಟಾದ್ರೆ ಮತ್ತೆ ಒಂದರಿಂದ.”

ಇದಾಗಿ ಮೂರು ವಾರವಾಯಿತು. ನಿಧಾನಿ ಈಗ ಹಜಾರದ ಮೇಜಿನ ಮುಂದೆ ಕೂತು, ಉಸಿರು ಬಿಗಿಹಿಡಿದು, ನಾಲ್ಕನೆಯ ಸಲದ ನಲವತ್ತಮೂರನೆಯ ಮೀಸೆಯ ಬಲತುದಿಯನ್ನು ಹುರಿಗೊಳಿಸುತ್ತಿದ್ದಾನೆ. ಕೈ ಕೊಂಚ ಅಲ್ಲಾಡಿತು. ಗೆರೆ ಕಿವಿಯತ್ತ ಓಡಿತು. ಅವನ ಎರಡು ಬೆರಳು ತಾವಾಗಿಯೇ ಕಾಗದದ ಮೇಲೆ ಹೋದವು.

ಟಕ್. ಟಕ್.

“ಕುಟ್ಟಬೇಡ,” ಎಂದರು ಅತ್ತೆ ಒಳಗಿನಿಂದ. “ಒಂದರಿಂದ ಬರಿ.”