ಬಾಗಿಲುರಾಯರ ಉಪ್ಪಿನ ಡಬ್ಬ

ಆ ದಿನದ ಅವಾಂತರವೆಲ್ಲ ಶುರುವಾದದ್ದು ನಾಲ್ಕು ಹೂಕುಂಡಗಳಿಂದ.

ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನವನ್ನು ಕರಗಿದ ಉಪ್ಪಿನಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಉಳಿದ ಯುರೇನಿಯಂ ಅನ್ನು ಮತ್ತೆ ಹೊರತೆಗೆಯುವ ಪ್ರಯೋಗಾಲಯ ಅದು. ಆ ಉಪ್ಪನ್ನು ಒಣಗಿಸಿ ಕಾಪಾಡುವುದು ನಮ್ಮ ಕಥಾನಾಯಕರ ಕೆಲಸ. ಆ ಉಪ್ಪೋ, ಗಾಳಿಯಲ್ಲಿ ಚೂರು ತೇವ ಕಂಡರೆ ಸಾಕು, ಹೀರಿಕೊಂಡು ಕೆಸರಾಗುತ್ತದೆ. ಹಾಗಾಗಿ ಅವರ ಬಾಯಲ್ಲಿ ದಿನವಿಡೀ ಒಂದೇ ಮಾತು: "ಬಾಗಿಲು ಹಾಕ್ರೀ!" ಕಚೇರಿಯವರು ಅವರಿಗೆ ಬಾಗಿಲುರಾಯರು ಎಂದೇ ಹೆಸರಿಟ್ಟಿದ್ದರು. ಮನೆಯಲ್ಲೂ ಅದೇ ಕತೆ. ಅವರು ಬಿಗಿದ ಸಕ್ಕರೆ ಡಬ್ಬ ತೆಗೆಯಲಾಗದೆ ಹೆಂಡತಿ ಚಪ್ಪೆ ಕಾಫಿ ಕುಡಿದ ದಿನಗಳುಂಟು.

ಅಂದು ತಜ್ಞರ ಸಮಿತಿ ಬರುವುದಿತ್ತು. ಪ್ರಯೋಗ ಕೈಕೊಟ್ಟರೆ ವಿಭಾಗಕ್ಕೆ ಬೀಗ, ರಾಯರಿಗೆ ನೆಲಮಾಳಿಗೆಯ ಕಡತಕೋಣೆಗೆ ವರ್ಗ. ಆ ಕೋಣೆಯ ಕಿಟಕಿಯನ್ನು ಹನ್ನೊಂದು ವರ್ಷದಿಂದ ಯಾರಿಗೂ ಮುಚ್ಚಲಾಗಿಲ್ಲ. ಅದು ನೆನಪಾದಾಗಲೆಲ್ಲ ರಾಯರು ಎದ್ದು ಹೋಗಿ ಹತ್ತಿರದ ಬಾಗಿಲನ್ನು ಇನ್ನೊಮ್ಮೆ ಎಳೆದು ನೋಡುತ್ತಿದ್ದರು.

ಬೆಳಿಗ್ಗೆ ಬಂದು ನೋಡುತ್ತಾರೆ, ಉಪ್ಪಿನ ಕೋಣೆಯ ಬಾಗಿಲು ಹಾರು ಹೊಡೆದಿದೆ! ಒಳಗೆ ನಾಲ್ಕು ಹೂಕುಂಡ. ಮಾಲಿ ನಿಧಾನವಾಗಿ ನೀರು ಹನಿಸುತ್ತಿದ್ದಾನೆ.

"ಅಯ್ಯೋ, ಏನಪ್ಪಾ ಮಾಡ್ತಿದ್ದೀಯ?"

"ದೊಡ್ಡೋರು ಬರ್ತಾರಂತಲ್ಲ ಸಾರ್, ರೂಮಿಗೆ ಸ್ವಲ್ಪ ಕಳೆ ಬರ್ಲಿ ಅಂತ!"

ತಟ್ಟೆಯಲ್ಲಿ ಹರವಿದ್ದ ಉಪ್ಪು ಆಗಲೇ ನೆಗಡಿ ಬಂದ ಮಗುವಿನ ಮೂಗಿನಂತೆ ಸೋರುತ್ತಿತ್ತು. ರಾಯರು ಕುಂಡಗಳನ್ನು ಹೊರಗೆ ಹೊತ್ತು ಹಾಕಿ, ಗಾಳಿ ಒಣಗಿಸುವ ಯಂತ್ರ ಚಾಲೂ ಮಾಡಿದರು. ಪುಣ್ಯಕ್ಕೆ, ಮೂರು ವರ್ಷದ ಹಿಂದೆ ಅವರೇ ಮುಚ್ಚಿಟ್ಟ ಒಂದು ಡಬ್ಬ ಉಪ್ಪು ಬೀರುವಿನಲ್ಲಿತ್ತು.

ಮುಚ್ಚಳ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ವರ್ಕ್‌ಶಾಪಿನ ವೆಲ್ಡರ್ ಇಕ್ಕಳ ತಂದು ಎಳೆದ. ಇಕ್ಕಳ ಜಾರಿ ಅಂಗಾತ ಬಿದ್ದ.

"ಇದನ್ನ ಮುಚ್ಚಿದ ಪುಣ್ಯಾತ್ಮ ಯಾರ್ರೀ?" ಎಂದು ಸೊಂಟ ಹಿಡಿದುಕೊಂಡು ಕೇಳಿದ. ರಾಯರು ಬಗ್ಗಿ ಇಕ್ಕಳ ಹೆಕ್ಕಿಕೊಟ್ಟರು.

ಕೊನೆಗೆ ಕ್ಯಾಂಟೀನಿನ ಅಕ್ಕ ಸೌಟು ಹಿಡಿದು ನುಗ್ಗಿದಳು. "ಸರೀರಿ ಅತ್ಲಾಗೆ! ಡಬ್ಬ ತೆಗೆಯೋಕೆ ಇಷ್ಟು ಜನಾನಾ?" ಬಿಸಿ ಮಾಡಿದ ಒಣಬಟ್ಟೆ ಸುತ್ತಿ, ಸೌಟಿನ ಹಿಡಿಯಿಂದ ಮುಚ್ಚಳದ ಸುತ್ತ ಕುಟ್ಟಿ, ಒಂದೇ ತಿರುವು. ಟಪ್! ಒಳಗೆ ಉಪ್ಪು ಪುಡಿಪುಡಿಯಾಗಿ ಒಣಗಿಯೇ ಇತ್ತು. ರಾಯರ ಕಣ್ಣಲ್ಲಿ ನೀರು ಬಂತು. ಡಬ್ಬದೊಳಗೆ ಬೀಳದಂತೆ ಥಟ್ಟನೆ ಮುಖ ತಿರುಗಿಸಿದರು.

ಸಮಿತಿಯವರು ನೋಡುತ್ತಿದ್ದಂತೆ ದಪ್ಪ ಗಾಜಿನಾಚೆ ಕುಲುಮೆಯಲ್ಲಿ ಉಪ್ಪು ಕರಗಿ ನೀರಿನಂತೆ ತಿಳಿಯಾಯಿತು. ಯಂತ್ರದ ಕೈಗಳು ಇಂಧನದ ಚೂರುಗಳನ್ನು ಇಳಿಸಿದವು. ಸಂಜೆ, ಉಪ್ಪಿನಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದ್ದ ಸರಳನ್ನು ಮೇಲೆತ್ತಿದಾಗ ಅದರ ತುಂಬ ಯುರೇನಿಯಂ ಹರಳು ಮುಳ್ಳುಮುಳ್ಳಾಗಿ ಹತ್ತಿತ್ತು!

"ಇದನ್ನ ಕಸ ಅಂತ ಹೂಳೋಕೆ ಹೊರಟಿದ್ವಲ್ಲ!" ಎಂದರು ಸಮಿತಿಯ ಅಧ್ಯಕ್ಷೆ. "ವಿಭಾಗ ಮುಚ್ಚೋ ಮಾತೇ ಇಲ್ಲ. ಇನ್ನೆರಡು ಕುಲುಮೆ ಹಾಕಿ."

ನಿರ್ದೇಶಕರು ರಾಯರನ್ನು ಮುಂದಕ್ಕೆ ತಳ್ಳಿದರು. "ಮೂರು ವರ್ಷ ಒಂದು ಹನಿ ತೇವ ಬಿಡದೆ ಉಪ್ಪು ಕಾಪಾಡಿದ್ದು ಇವರೇ ಮೇಡಂ."

"ಹೌದಾ? ಇಂಥೋರನ್ನೇ ಹುಡುಕ್ತಿದ್ದೆ! ಈ ಕೆಲಸದ ಇಪ್ಪತ್ತು ವರ್ಷದ ದಾಖಲೆಗೆಲ್ಲ ಕೆಳಗೆ ಬೂಷ್ಟು ಹಿಡೀತಿದೆ. ನಾಳೆಯಿಂದ ಕಡತಕೋಣೆ ಇವರಿಗೇ ಒಪ್ಪಿಸಿ!"

"ಮೇಡಂ, ಆ ಕಿಟಕಿ..." ಎಂದರು ರಾಯರು. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಪೆಚ್ಚುಮೋರೆ ಹಾಕಿಕೊಂಡು ಹೊರಟ ರಾಯರಿಗೆ ಉಪ್ಪಿನ ಕೋಣೆಯ ಬಾಗಿಲು ಓರೆಯಾಗಿರುವುದು ಕಂಡಿತು. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ, ಬೆಳಗಿನ ತಪ್ಪಿಗೆ ಪ್ರಾಯಶ್ಚಿತ್ತವೆಂದು ತಾನಾಗಿಯೇ ಕಾವಲು ನಿಂತಿದ್ದ ಮಾಲಿ ಗದರಿದ:

"ಯಾರ್ರೀ ಅದು? ಬಾಗಿಲು ಹಾಕ್ರೀ!"

ರಾಯರಿಗೆ ಹೊಟ್ಟೆ ತಣ್ಣಗಾಯಿತು. ನಗುತ್ತಲೇ ಬಾಗಿಲೆಳೆದರು. ಕೆಳಗೆ ನೆಲಮಾಳಿಗೆಯಲ್ಲಿ ಕಿಟಕಿ ಪಟಪಟನೆ ಹೊಡೆದುಕೊಳ್ಳುತ್ತಿತ್ತು.